ನೆರಳಿಲ್ಲದ ಏಳು ಸ್ಟಾಪ್: ಕಲಬುರಗಿ ಕಾಲೇಜು ಮಕ್ಕಳ ಐದು ರೂಪಾಯಿ ಪೇಪರ್

ಜಗತ್ ಸರ್ಕಲ್ ಹತ್ತಿರ ನಾನು ದಿನಾ ಚಹಾ ಕುಡಿಯುವ ಅಂಗಡಿ ಮುಂದೆ ಏಪ್ರಿಲ್‌ನಲ್ಲಿ ಒಂದು ರಟ್ಟಿನ ಬೋರ್ಡ್ ತೂಗುಹಾಕಿದ್ದರು. ರಟ್ಟಿಗೆ ಬಿಳಿ ಹಾಳೆ ಅಂಟಿಸಿ, ದಪ್ಪ ಮಾರ್ಕರ್‌ನಲ್ಲಿ ಕೈಯಿಂದ ಬರೆದದ್ದು. "ನೆರಳಿಲ್ಲದ ಏಳು ಬಸ್ ಸ್ಟಾಪ್. ನಿಮ್ಮದೂ ಇದೆಯಾ?" ಅದರ ಕೆಳಗೆ ಪೇಪರಿನ ಹೆಸರು, ಬೆಲೆ ಐದು ರೂಪಾಯಿ. ಮಧ್ಯಾಹ್ನ ಎರಡು ಗಂಟೆ. ಅರ್ಧ ಗಂಟೆ ಬಸ್ಸಿಗೆ ಕಾದು, ಸೆರಗು ತಲೆ ಮೇಲೆ ಎಳೆದುಕೊಂಡು ಬಂದಿದ್ದೆ. ಚಹಾ ಹೇಳುವ ಮೊದಲೇ ಪೇಪರ್ ಕೇಳಿದೆ.

ನಮ್ಮೂರಿನ ಒಂದು ಪದವಿ ಕಾಲೇಜಿನಲ್ಲಿ ಪತ್ರಿಕೋದ್ಯಮ ಓದುವ ಮಕ್ಕಳು ತರುವ ಪೇಪರ್ ಇದು. ಟ್ಯಾಬ್ಲಾಯ್ಡ್ ಅಳತೆ, ಅಂದರೆ ದಿನಪತ್ರಿಕೆಯ ಪುಟದ ಅರ್ಧದಷ್ಟು, ಎಂಟು ಪುಟ, ಹದಿನೈದು ದಿನಕ್ಕೊಂದು ಸಂಚಿಕೆ. ನನ್ನ ಕೈಗೆ ಸಿಕ್ಕಿದ್ದು ಮೂರನೆಯದು. ಆಮೇಲೆ ಹಿಂದಿನ ಎರಡನ್ನೂ ತರಿಸಿಕೊಂಡೆ. ಕಾಲೇಜಿನ ಹೆಸರು, ಪೇಪರಿನ ಹೆಸರು ಬೇಕೆಂದೇ ಬರೆಯುತ್ತಿಲ್ಲ. ತಪ್ಪುಗಳನ್ನೂ ಬಿಡಿಸಿ ಹೇಳುತ್ತಿದ್ದೇನೆ, ಮಕ್ಕಳು ಇನ್ನೂ ಕಲಿಯುತ್ತಿದ್ದಾರೆ.

ಒಂದು ದಿನಪತ್ರಿಕೆಯ ಸ್ಥಳೀಯ ಪುಟಗಳನ್ನು ನಾನು ಹನ್ನೊಂದು ವರ್ಷ ಕಟ್ಟಿದ್ದೇನೆ. ಈಗ ಸೂಪರ್ ಮಾರ್ಕೆಟ್ ಕಡೆ ನನ್ನದೇ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಕರಪತ್ರ, ಬಿಲ್ ಪುಸ್ತಕ, ದಿನವಿಡೀ ಅಕ್ಷರದ ಕೆಲಸ. ಹಾಗಾಗಿ ಈ ಪೇಪರನ್ನು ಓದುಗಳಾಗಿಯೂ ನೋಡಿದೆ, ಪುಟ ಕಟ್ಟುವವಳಾಗಿಯೂ ನೋಡಿದೆ.

ಮೊದಲು ಮುಖಪುಟದ ಸುದ್ದಿ. ಮಕ್ಕಳು ಏಳು ಸ್ಟಾಪ್‌ಗಳಿಗೆ ಬಿಸಿಲು ಹೊತ್ತಿನಲ್ಲೇ ಹೋಗಿದ್ದಾರೆ. ಎಷ್ಟು ಮಂದಿ ನಿಂತಿದ್ದರು, ಎಲ್ಲಿ ನಿಂತಿದ್ದರು, ಎಷ್ಟು ಹೊತ್ತು ಕಾದರು ಎಂದು ಬರೆದುಕೊಂಡು ಬಂದಿದ್ದಾರೆ. ಅದರಲ್ಲಿ ಒಂದು ಸಾಲು ನನ್ನ ತಲೆಯಿಂದ ಹೋಗುತ್ತಿಲ್ಲ. ಒಂದು ಸ್ಟಾಪಿನಲ್ಲಿ ನಾಲ್ಕು ಮಂದಿ ಕರೆಂಟ್ ಕಂಬದ ನೆರಳಿನಲ್ಲಿ ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಿಂತಿದ್ದರಂತೆ. ನೆರಳು ಸರಿದ ಹಾಗೆ ಅವರೂ ಸರಿಯುತ್ತಿದ್ದರಂತೆ. ಬೇಸಿಗೆಯಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುವ ಊರು ನಮ್ಮದು. ಕಂಬದ ನೆರಳು ಅಂದರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಅದನ್ನು ನೋಡಿ, ಬರೆದು, ಅಚ್ಚು ಹಾಕಿದವರು ಈ ಮಕ್ಕಳು.

ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ 1843ರ ಜುಲೈ 1ರಂದು ಬಂತು. ಜರ್ಮನಿಯಿಂದ ಬಂದ ಪಾದ್ರಿ ಹರ್ಮನ್ ಮೋಗ್ಲಿಂಗ್ ಅದನ್ನು ಕಲ್ಲಚ್ಚಿನಲ್ಲಿ, ಅಂದರೆ ಕಲ್ಲಿನ ಮೇಲೆ ಬರೆದು ಅಚ್ಚು ತೆಗೆಯುವ ರೀತಿಯಲ್ಲಿ, ಹಾಕಿಸುತ್ತಿದ್ದರು. ಅದಕ್ಕೇ ಜುಲೈ 1ರಂದು ನಾವು ಪತ್ರಿಕಾ ದಿನ ಮಾಡುತ್ತೇವೆ. ಆ ಪತ್ರಿಕೆಯಲ್ಲೂ 'ಊರ ವರ್ತಮಾನ' ಎಂಬ ಭಾಗ ಇತ್ತು. ಈ ಮಕ್ಕಳು ಎರಡನೇ ಪುಟಕ್ಕೆ 'ಓಣಿ ವರ್ತಮಾನ' ಅಂತ ಹೆಸರಿಟ್ಟದ್ದು ನೋಡಿ ತುಂಬಾ ಖುಷಿಯಾಯಿತು. ಬ್ರಹ್ಮಪುರ, ಶಹಾಬಜಾರ್, ಗಂಜ್ ಕಡೆಯ ಸಣ್ಣ ಸಣ್ಣ ಸುದ್ದಿ ಅಲ್ಲಿವೆ. ಯಾರ ಮನೆ ಮುಂದೆ ಬೇವಿನ ಮರ ಬಿತ್ತು, ಯಾವ ಹಿಟ್ಟಿನ ಗಿರಣಿ ಎರಡು ದಿನ ಮುಚ್ಚಿರುತ್ತದೆ, ತೊಗರಿ ಬೇಳೆ ಆರಿಸುವ ಹೆಂಗಸರಿಗೆ ಈ ಸಲ ಎಷ್ಟು ದಿನ ಕೆಲಸ ಸಿಕ್ಕಿತು. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಬೆಳೆ ಎನ್ನುವ ಗುರುತು, ಬಂದಾಗ ಎಲ್ಲರೂ ಬರೆದರು. ಆ ಬೇಳೆ ಆರಿಸುವ ಕೈಗಳ ಬಗ್ಗೆ ಓದಿದ್ದು ನನಗೆ ಇದೇ ಮೊದಲು.

ಪುಟ ಹಂಚಿದ ರೀತಿಯೂ ಜಾಣತನದ್ದು. ಎಂಟು ಪುಟದ ಟ್ಯಾಬ್ಲಾಯ್ಡ್‌ಗೆ ಎರಡು ದೊಡ್ಡ ಹಾಳೆ ಸಾಕು. ಹೊರಗಿನ ಹಾಳೆಯ ಒಂದೇ ಮಗ್ಗುಲಿಗೆ ಮೊದಲ ಪುಟ, ಎಂಟನೇ ಪುಟ ಎರಡೂ ಬೀಳುತ್ತವೆ. ಅಷ್ಟಕ್ಕೇ ಬಣ್ಣ ಹಾಕಿಸಿ ಉಳಿದದ್ದೆಲ್ಲ ಕಪ್ಪು ಬಿಳುಪು ಇಟ್ಟಿದ್ದಾರೆ. ಖರ್ಚು ಉಳಿಯಿತು. ನಾಲ್ಕು ಮತ್ತು ಐದನೇ ಪುಟ ನಟ್ಟನಡುವೆ ಒಂದೇ ಹಾಳೆಯಾಗಿ ಬರುತ್ತವೆ, ಮಧ್ಯದಲ್ಲಿ ತುಂಡಾಗುವುದಿಲ್ಲ. ಅಲ್ಲಿ ಏಳು ಸ್ಟಾಪ್‌ಗಳ ನಕ್ಷೆಯನ್ನು ಉದ್ದಕ್ಕೆ ಹಾಸಿದ್ದಾರೆ. ಕೈಯಲ್ಲಿ ಬಿಡಿಸಿ, ಸ್ಕ್ಯಾನ್ ಮಾಡಿದ ನಕ್ಷೆ. ಸ್ಟಾಪ್, ಹತ್ತಿರದ ಮರ, ಕುಡಿಯುವ ನೀರು ಸಿಗುವ ಅಂಗಡಿ, ಮೂರಕ್ಕೂ ಬೇರೆ ಬೇರೆ ಗುರುತು. ಈ ಒಂದು ಹಾಳೆಗೇ ಐದು ರೂಪಾಯಿ ಕೊಡಬಹುದು.

ಇನ್ನು ಅಕ್ಷರ. ಇಲ್ಲಿ ನನಗೆ ಹೊಟ್ಟೆ ಉರಿಯಿತು. ಅಷ್ಟು ಒಳ್ಳೆಯ ಸುದ್ದಿಯನ್ನು ಓದಲಾರದ ಹಾಗೆ ಕೂರಿಸಿದ್ದಾರೆ.

ಅಕ್ಷರದ ಅಳತೆ ಹತ್ತು ಪಾಯಿಂಟ್, ಸಾಲಿಂದ ಸಾಲಿಗೆ ಹನ್ನೆರಡು. ಪಾಯಿಂಟ್ ಅಂದರೆ ಅಚ್ಚಿನವರು ಅಕ್ಷರ ಅಳೆಯುವ ಲೆಕ್ಕ. ಇಂಗ್ಲಿಷಿಗೆ ಇದು ನಡೆಯುತ್ತದೆ, ಕನ್ನಡಕ್ಕೆ ನಡೆಯುವುದಿಲ್ಲ. ನಮ್ಮ ಅಕ್ಷರಕ್ಕೆ ಕೆಳಗೆ ಒತ್ತು ಇದೆ, ಮೇಲೆ ಗುಡಿಸು ಇದೆ. 'ರಾಷ್ಟ್ರೀಯ' ಅಂತ ಬರೆದರೆ ಟ ಒತ್ತು, ರ ಒತ್ತು ಎರಡೂ ಕೆಳಗೆ ಇಳಿಯುತ್ತವೆ. ಮೂರನೇ ಪುಟದಲ್ಲಿ ಆ ಒತ್ತು ಇಳಿದು, ಕೆಳಗಿನ ಸಾಲಿನ 'ನೀರಿಲ್ಲ' ಎಂಬ ಪದದ ಗುಡಿಸಿಗೆ ಅಂಟಿಕೊಂಡಿದೆ. ಭೂತಗನ್ನಡಿ ಹಿಡಿದು ನೋಡಿದೆ. ಎರಡು ಪದ ಸೇರಿ ಮಸಿಯ ಒಂದು ಮುದ್ದೆ ಆಗಿದೆ. ಹತ್ತು ಪಾಯಿಂಟಿಗೆ ಕಡಿಮೆ ಅಂದರೂ ಹದಿಮೂರೂವರೆ, ಹದಿನಾಲ್ಕು ಬಿಡಬೇಕು. ಹಾಗೆ ಬಿಟ್ಟರೆ ಪುಟಕ್ಕೆ ನಾಲ್ಕು ಸುದ್ದಿ ಬರುವ ಕಡೆ ಮೂರೇ ಬರುತ್ತವೆ. ಬರಲಿ. ಮೂರನ್ನು ಜನ ಓದುತ್ತಾರೆ.

ಕಾಲಂ ಕೂಡ ತೀರಾ ಇಕ್ಕಟ್ಟು. ಪುಟಕ್ಕೆ ಆರು ಕಾಲಂ ಮಾಡಿ, ಎರಡೂ ಅಂಚು ಸಮ ಬರುವ ಹಾಗೆ ಎಳೆದಿದ್ದಾರೆ. ಕನ್ನಡದ ಪದ ಉದ್ದ. 'ನಿಲ್ಲಬೇಕಾಗುತ್ತದೆಂದು' ಅನ್ನುವ ಒಂದೇ ಪದ ಅರ್ಧ ಸಾಲು ತಿನ್ನುತ್ತದೆ. ಅದು ಕೆಳಗಿನ ಸಾಲಿಗೆ ಹೋದರೆ ಮೇಲೆ ಉಳಿದ ಎರಡು ಪದಗಳ ನಡುವೆ ಎತ್ತಿನಗಾಡಿ ಹೋಗುವಷ್ಟು ಜಾಗ. ನಾಲ್ಕು ಕಾಲಂ ಮಾಡಿ, ಎಡಕ್ಕೆ ಮಾತ್ರ ಸಮ ಮಾಡಿ ಬಲಗಡೆ ಹಾಗೇ ಬಿಟ್ಟರೆ ಸುಮ್ನೆ ಸರಿಹೋಗುತ್ತದೆ.

ಇನ್ನೊಂದು, ಮೊಬೈಲಿನಲ್ಲಿ ಯುನಿಕೋಡ್‌ನಲ್ಲಿ (ಎಲ್ಲ ಕಡೆ ಓದಲು ಬರುವ ಅಕ್ಷರ) ಟೈಪ್ ಮಾಡಿದ್ದನ್ನು ಡಿಟಿಪಿಯ ಹಳೇ ನುಡಿ ಫಾಂಟಿಗೆ ಬದಲಿಸಿದ್ದಾರೆ ಅಂತ ಕಾಣುತ್ತದೆ. ಅರ್ಕಾವತ್ತು ಕೆಲವು ಕಡೆ ಜಾಗ ಬಿಟ್ಟು ಓಡಿದೆ. ಆರನೇ ಪುಟದಲ್ಲಿ ಒಬ್ಬ ಹಿರಿಯರ ಹೆಸರೇ ಕೆಟ್ಟಿದೆ. ಹೆಸರು ತಪ್ಪಾದರೆ ಆ ಮನೆಯವರು ಪೇಪರನ್ನು ಎತ್ತಿಡುವುದಿಲ್ಲ. ಬದಲಿಸಿದ ಮೇಲೆ 'ರ್' ಇರುವ ಪ್ರತಿ ಪದವನ್ನೂ ಕಣ್ಣಲ್ಲಿ ನೋಡಲೇಬೇಕು, ಬೇರೆ ದಾರಿ ಇಲ್ಲ. ಎಂಟನೇ ಪುಟದ ಒಂದು ಪ್ಯಾರಾ ಮಸುಕಾಗಿ, ಎರಡೆರಡಾಗಿ ಕಾಣುತ್ತದೆ. ಕಪ್ಪು ಅಕ್ಷರ ನಾಲ್ಕೂ ಬಣ್ಣದಲ್ಲಿ ಅಚ್ಚಾಗಿದೆ. ಒಂದೊಂದು ಬಣ್ಣಕ್ಕೂ ಬೇರೆ ಅಚ್ಚಿನ ಪ್ಲೇಟ್, ಒಂದು ಕೂದಲೆಳೆ ಸರಿದರೂ ಹೀಗಾಗುತ್ತದೆ. ಅಕ್ಷರಕ್ಕೆ ಕಪ್ಪು ಒಂದೇ ಸಾಕು.

ಮನಸ್ಸಿಗೆ ಹೆಚ್ಚು ನೋವಾದದ್ದು ಮುಖಪುಟದ ಫೋಟೊ. ಸ್ಟಾಪಿನ ಪಕ್ಕ ಕೊಡೆ ಹಿಡಿದು ಹೂ ಮಾರುವ ಅಮ್ಮ. ಕೊಡೆ ಚೆನ್ನಾಗಿ ಬಂದಿದೆ, ಹೂ ಬಂದಿದೆ, ಅವರ ಮುಖ ಮಾತ್ರ ಬಂದಿಲ್ಲ. ಕಪ್ಪು ಕಲೆ ಅಷ್ಟೇ. ಫೋಟೊ ವಾಟ್ಸಾಪ್‌ನಲ್ಲಿ ಕಳಿಸಿಕೊಂಡಿದ್ದಾರೆ, ಅಲ್ಲೇ ಅರ್ಧ ವಿವರ ಹೋಯಿತು. ಅದರ ಮೇಲೆ ನ್ಯೂಸ್‌ಪ್ರಿಂಟ್ ಕಾಗದ ಮಸಿ ಹೀರುತ್ತದೆ, ಚಿತ್ರ ಮೂಡಿಸುವ ಚುಕ್ಕೆ ಹರಡುತ್ತದೆ, ಪರದೆಯಲ್ಲಿ ಕಂಡದ್ದಕ್ಕಿಂತ ಚಿತ್ರ ಕಪ್ಪಾಗುತ್ತದೆ. ನೆರಳಲ್ಲಿರುವ ಮುಖವನ್ನು ಅಚ್ಚಿಗೆ ಕೊಡುವ ಮೊದಲು ಬೆಳಕು ಮಾಡಬೇಕು, ಪರದೆಯಲ್ಲಿ ಸ್ವಲ್ಪ ಜಾಸ್ತಿ ಆಯಿತು ಅನ್ನಿಸುವಷ್ಟು. ಫೋಟೊವನ್ನು ಡಾಕ್ಯುಮೆಂಟ್ ಮಾಡಿ ಕಳಿಸಿಕೊಳ್ಳಬೇಕು. ಆ ಅಮ್ಮ ತಮ್ಮ ಚಿತ್ರ ಬಂದಿದೆ ಅಂತ ಪೇಪರ್ ಕೊಂಡಿರುತ್ತಾರೆ, ಅಲ್ವಾ? ಅವರಿಗೆ ಮುಖ ಕಾಣಬೇಕಿತ್ತು.

ಮನೆಗೆ ತಂದು ಅತ್ತೆಗೆ ಕೊಟ್ಟೆ. ಅವರಿಗೆ ಅರವತ್ತೆಂಟು. ದಿನಾ ಪೇಪರ್ ಓದುತ್ತಾರೆ, ಕಟ್ಟೆ ಮೇಲೆ ಕೂತು, ಕನ್ನಡಕ ಮೂಗಿನ ತುದಿಗೆ ಇಳಿಸಿ. ನಾನು ಏನೂ ಹೇಳದೆ ಪಕ್ಕದಲ್ಲಿ ಕೂತೆ. ಮುಖಪುಟದ ಶೀರ್ಷಿಕೆ ಜೋರಾಗಿ ಓದಿದರು. ನಕ್ಷೆ ತೆರೆದು ನಮ್ಮ ಸ್ಟಾಪ್ ಹುಡುಕಿದರು, ಸಿಕ್ಕಿತು, ಬೆರಳಿಟ್ಟರು. "ಇದು ನಮ್ದ ಅಲ್ಲೇನ?" ಅಂದರು. ಮೂರನೇ ಪುಟಕ್ಕೆ ಬಂದಾಗ ಪೇಪರನ್ನು ದೂರ ಹಿಡಿದರು, ಹತ್ತಿರ ಹಿಡಿದರು. "ಇದೇನವ್ವ, ಅಕ್ಷರ ಒಂದರ ಮ್ಯಾಲೊಂದು ಕುಂತಾವ" ಅಂತ ಹೇಳಿ ಪುಟ ತಿರುವಿದರು. ಏಳನೇ ಪುಟದಲ್ಲಿ ಕಪ್ಪು ಪಟ್ಟಿಯ ಮೇಲೆ ಸಣ್ಣ ಬಿಳಿ ಅಕ್ಷರದಲ್ಲಿ ಒಂದು ಸಂದರ್ಶನ ಇದೆ. ಮಸಿ ಹರಡಿ ಬಿಳಿ ಗೆರೆಗಳು ಅಲ್ಲಲ್ಲಿ ಮುಚ್ಚಿಹೋಗಿವೆ. ಅದನ್ನು ಅವರು ಜಾಹೀರಾತು ಅಂದುಕೊಂಡು ದಾಟಿಬಿಟ್ಟರು. ನಿಜವಾದ ಜಾಹೀರಾತನ್ನು, ಅಂದರೆ ಒಂದು ಟ್ಯೂಷನ್ ಕ್ಲಾಸಿನದನ್ನು, ಸುದ್ದಿ ಅಂದುಕೊಂಡು ಪೂರ್ತಿ ಓದಿದರು. ಅದಕ್ಕೆ 'ಜಾಹೀರಾತು' ಅಂತ ಮೇಲೆ ಬರೆದಿಲ್ಲ. ಇದು ಅಕ್ಷರದ ತಪ್ಪಿಗಿಂತ ದೊಡ್ಡ ತಪ್ಪು, ಮುಂದಿನ ಸಂಚಿಕೆಯಲ್ಲೇ ನಿಲ್ಲಬೇಕು.

ಈಗ ಪ್ರಚಾರದ ಸಾಮಾನು. ಕಾಲೇಜಿನ ಗೇಟಿಗೆ ಒಂದು ಫ್ಲೆಕ್ಸ್, ಗೋಡೆಗೆ ಪೋಸ್ಟರ್, ವಾಟ್ಸಾಪ್‌ಗೆ ಒಂದು ಆಡಿಯೊ, ಮತ್ತೆ ನಾನು ಕಂಡ ಆ ರಟ್ಟಿನ ಬೋರ್ಡ್.

ಫ್ಲೆಕ್ಸ್‌ಗೆ ಎಲ್ಲಕ್ಕಿಂತ ಜಾಸ್ತಿ ದುಡ್ಡು ಹಾಕಿದ್ದಾರೆ. ಎಲ್ಲಕ್ಕಿಂತ ಕಡಿಮೆ ಕೆಲಸ ಮಾಡುವುದೂ ಅದೇ. ಅದರಲ್ಲಿ ಹದಿನಾಲ್ಕು ವಿದ್ಯಾರ್ಥಿಗಳ ಫೋಟೊ, ಮೇಲೆ ಅತಿಥಿಗಳ ಫೋಟೊ, ನಡುವೆ 'ನಿಮ್ಮ ಧ್ವನಿ, ನಮ್ಮ ಹೆಮ್ಮೆ' ಅಂತ ಒಂದು ಸಾಲು. ಆ ಸಾಲು ಬ್ಯಾಂಕಿಗೂ ಆಗುತ್ತದೆ, ಆಸ್ಪತ್ರೆಗೂ ಆಗುತ್ತದೆ. ಪೇಪರಿನಲ್ಲಿ ಏನಿದೆ ಅಂತ ಒಂದು ಪದವೂ ಇಲ್ಲ. ನಾನು ಆ ಗೇಟಿನ ಮುಂದೆ ಎಷ್ಟೋ ಸಲ ಹೋಗಿದ್ದೇನೆ, ಹುಟ್ಟುಹಬ್ಬದ ಫ್ಲೆಕ್ಸ್ ಅಂದುಕೊಂಡಿದ್ದೆ.

ಪೋಸ್ಟರ್ ನೋಡಲು ಚೆಂದ. ಕನ್ನಡದ ಕೆಳಗೆ ಒಂದು ಸಾಲು ಉರ್ದು ಹಾಕಿದ್ದಾರೆ, ನಮ್ಮೂರಿಗೆ ಅದು ಬೇಕೇ ಬೇಕು. ಆದರೆ ಪೇಪರಿನ ಹೆಸರು ಮುಖಪುಟದಲ್ಲಿ ಇಟ್ಟಿಗೆ ಕೆಂಪು ಬಣ್ಣದಲ್ಲಿ, ಕೈಬರಹದ ಅಕ್ಷರದಲ್ಲಿದೆ. ಆ ಕೈಬರಹ ನನಗೆ ಬಹಳ ಹಿಡಿಸಿತು. ಪೋಸ್ಟರಿನಲ್ಲಿ ಅದೇ ಹೆಸರು ನೀಲಿ ಬಣ್ಣದ ಬೇರೆ ಫಾಂಟಿನಲ್ಲಿದೆ. ಗೋಡೆ ಮೇಲೆ ನೀಲಿ ನೋಡಿದವರು ಅಂಗಡಿಯಲ್ಲಿ ಕೆಂಪು ಕಂಡರೆ ಎರಡೂ ಒಂದೇ ಅಂತ ಹೇಗೆ ಗುರುತು ಹಿಡಿಯಬೇಕು? ಹೆಸರಿನ ಅಕ್ಷರ, ಬಣ್ಣ ಎಲ್ಲ ಕಡೆ ಒಂದೇ ಇರಲಿ.

ಆಡಿಯೊದಲ್ಲಿ ಮೊದಲ ಹತ್ತು ಸೆಕೆಂಡ್ ಬರೀ ಸಂಗೀತ. ಅದನ್ನು ಕತ್ತರಿಸಬೇಕು. ಆಮೇಲೆ ಒಬ್ಬ ಹುಡುಗಿಯ ದನಿ ಬರುತ್ತದೆ, "ಬಸ್ಸಿಗಿ ನಿಂತೀರೇನ್ರಿ? ಬಿಸಲಾಗ ನಿಂತೀರೇನ್ರಿ?" ಅಂತ. ಮನೆಯವರೇ ಯಾರೋ ಬಂದು ಕೇಳಿದ ಹಾಗೆ. ಇದನ್ನೇ ಆಟೊಗೆ ಮೈಕ್ ಕಟ್ಟಿ ಶರಣಬಸವೇಶ್ವರ ಗುಡಿಯ ಕಡೆ ಸಂಜೆ ಒಂದು ಸುತ್ತು ಹೊಡೆಸಿದರೆ ಪ್ರತಿಗಳು ಉಳಿಯುವುದಿಲ್ಲ.

ರಟ್ಟಿನ ಬೋರ್ಡಿಗೆ ಎಷ್ಟು ಖರ್ಚಾಗಿರಬಹುದು? ಮಾರ್ಕರಿನದು ಅಷ್ಟೇ. ಅದು ಯಾಕೆ ನನ್ನನ್ನು ನಿಲ್ಲಿಸಿತು ಅಂದರೆ ಅದರಲ್ಲಿ ಸುದ್ದಿ ಇತ್ತು. ಸ್ಥಳೀಯ ಪೇಪರಿಗೆ ಅದರ ಸುದ್ದಿಯೇ ಜಾಹೀರಾತು. ಫ್ಲೆಕ್ಸಿನ ದುಡ್ಡಿನಲ್ಲಿ ಇಂಥ ಬೋರ್ಡ್ ಊರ ತುಂಬಾ ಹಾಕಬಹುದು, ಪ್ರತಿ ಕಡೆ ಆ ಓಣಿಯದೇ ಸುದ್ದಿ ಬರೆದು. ಗಂಜ್‌ನ ಚಹಾ ಅಂಗಡಿಗೆ ಬೇಳೆ ಆರಿಸುವವರ ಸುದ್ದಿ, ಬಸ್ ಸ್ಟ್ಯಾಂಡಿಗೆ ನೆರಳಿನ ಸುದ್ದಿ.

ಅಂಕ ಕೇಳಿದರೆ ಸುದ್ದಿಗೆ ಹತ್ತಕ್ಕೆ ಒಂಬತ್ತು, ಪುಟ ವಿನ್ಯಾಸಕ್ಕೆ ಐದು, ಫ್ಲೆಕ್ಸ್‌ಗೆ ಒಂದು, ಬೋರ್ಡ್‌ಗೆ ಹತ್ತು. ಇನ್ನೊಂದು ಮಾತು. ಕೊನೇ ಪುಟದಲ್ಲಿ 'ಖಾಸಗಿ ಪ್ರಸಾರಕ್ಕೆ ಮಾತ್ರ' ಅಂತಿದೆ, ಪಕ್ಕದಲ್ಲೇ ಬೆಲೆಯೂ ಇದೆ. ಅಂಗಡಿಯಲ್ಲಿ ಮಾರುವ ಪೇಪರಿಗೆ ಇವೆರಡೂ ಒಟ್ಟಿಗೆ ಹೊಂದುವುದಿಲ್ಲ. ಪತ್ರಿಕೆಗಳ ನೋಂದಣಿಗೆ ಇದ್ದ 1867ರ ಹಳೇ ಕಾಯ್ದೆ ಹೋಗಿ 2023ರ ಹೊಸ ಕಾಯ್ದೆ 2024ರ ಮಾರ್ಚ್‌ನಿಂದ ಜಾರಿಯಲ್ಲಿದೆ. ನೋಂದಣಿ ವಿಷಯವನ್ನು ಮೇಷ್ಟ್ರುಗಳು ಮುಂದೆ ನಿಂತು ನೋಡಬೇಕು.

ಇದೆಲ್ಲವನ್ನೂ ಮಕ್ಕಳಿಗೂ ಹೇಳಿದೆ. ಚಹಾ ಅಂಗಡಿಯವರು ನಂಬರ್ ಕೊಟ್ಟಿದ್ದರು, ಮೂವರು ನನ್ನ ಅಂಗಡಿಗೆ ಬಂದರು. "ಅಕ್ಕಾ, ಖರೇ ಹೇಳ್ರಿ, ಹ್ಯಾಂಗ ಅನಸ್ತು?" ಅಂದರು. ಅವರ ಹತ್ತಿರ ಒಂದು ಗೂಗಲ್ ಫಾರ್ಮ್ ಇತ್ತು, ಓದುಗರ ಅಭಿಪ್ರಾಯಕ್ಕೆ. ಬಂದ ಉತ್ತರ ಎಲ್ಲ 'ಸೂಪರ್', 'ಚೆನ್ನಾಗಿದೆ'. ಬರೆದವರೆಲ್ಲ ಅವರ ಕ್ಲಾಸಿನವರೇ. ಫಾರ್ಮ್ ಬಿಡಿ, ಹತ್ತು ಮನೆಗೆ ಹೋಗಿ ಪೇಪರ್ ಕೊಡಿ, ಬಾಯಿ ಮುಚ್ಚಿ ಪಕ್ಕದಲ್ಲಿ ಕೂತುಕೊಳ್ಳಿ ಅಂದೆ. ಎಲ್ಲಿ ಬೆರಳು ನಿಲ್ಲುತ್ತದೆ, ಎಲ್ಲಿ ಪುಟ ತಿರುಗುತ್ತದೆ ಅಂತ ನೋಡಿ ಬರೆದುಕೊಳ್ಳಿ. ಅತ್ತೆ ಮೂರನೇ ಪುಟದಲ್ಲಿ ಹೇಳಿದ್ದನ್ನೂ ಹೇಳಿದೆ. ಒಬ್ಬ ಹುಡುಗ ಆ ಪುಟದ ಫೈಲನ್ನು ಅಲ್ಲೇ ನನ್ನ ಕಂಪ್ಯೂಟರಿನಲ್ಲಿ ತೆರೆದು, ಸಾಲಿನ ಅಂತರ ಹನ್ನೆರಡನ್ನು ಹದಿನಾಲ್ಕು ಮಾಡಿದ. ಒತ್ತುಗಳೆಲ್ಲ ಬಿಡಿಸಿಕೊಂಡವು. ಮೂವರೂ ಪರದೆಗೆ ಬಾಗಿ ನೋಡುತ್ತಾ ನಿಂತರು. ಕೊನೆಯ ಸುದ್ದಿ ಪುಟದಿಂದ ಹೊರಗೆ ಜಾರಿತು. ಯಾವ ಸುದ್ದಿ ತೆಗೆಯೋದು ಅಂತ ಅಲ್ಲೇ ಜಗಳ ಶುರುವಾಯಿತು. ಅಂಗಡಿ ಮುಚ್ಚುವ ಹೊತ್ತಾದರೂ ಮುಗಿಯಲಿಲ್ಲ. ನಾನು ಮತ್ತೆ ಮೂರು ಚಹಾ ತರಿಸಿದೆ.