ಶಾಲೆಯ ಫ್ರೆಂಚ್ ಸಾಕಾ, ಡೆಲ್ಫ್ ಕೂಡ ಬರೆಸಬೇಕಾ?

ಮಗಳು ಮಂಗಳೂರಿನ ಸಿಬಿಎಸ್‌ಇ ಶಾಲೆಯಲ್ಲಿ ಫ್ರೆಂಚ್ ತೆಗೆದುಕೊಂಡಿದ್ದಾಳೆ ಅಂದುಕೊಳ್ಳಿ. ಹತ್ತನೇ ತರಗತಿಯಲ್ಲಿ 80 ಅಂಕ ಬರವಣಿಗೆಗೆ, 20 ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ. ವ್ಯಾಕರಣ ಗಟ್ಟಿಯಾಗುತ್ತದೆ. ಮಾತಿನ ಅಭ್ಯಾಸ ಮಾತ್ರ ಕಮ್ಮಿ.

ಡೆಲ್ಫ್ ಅಂದರೆ ಫ್ರೆಂಚ್ ಎಷ್ಟು ಬರುತ್ತದೆ ಎಂದು ಅಳೆದು ಫ್ರಾನ್ಸ್ ಸರ್ಕಾರ ಪ್ರಮಾಣಪತ್ರ ಕೊಡುವ ಪರೀಕ್ಷೆ. ಶಾಲಾ ಮಕ್ಕಳಿಗಿರುವ ಡೆಲ್ಫ್ ಜೂನಿಯರ್ ಶಾಲೆಯ ಪರೀಕ್ಷೆಯ ಹಾಗಲ್ಲ. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು, ನಾಲ್ಕಕ್ಕೂ ತಲಾ 25 ಅಂಕ. ಒಟ್ಟು 50 ಬಂದರೆ ಪಾಸು. ಆದರೆ ಯಾವುದರಲ್ಲೂ 5ಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಹಾಗಾಗಿ ಬಾಯಿ ಬಿಡದೆ ಪಾಸಾಗಲು ಆಗುವುದಿಲ್ಲ, ನನಗೆ ಇಷ್ಟವಾಗುವುದೂ ಅದೇ. ನಮ್ಮೂರ ಮಕ್ಕಳು ತುಳು, ಕೊಂಕಣಿ, ಬ್ಯಾರಿ, ಕನ್ನಡದ ನಡುವೆ ಸಲೀಸಾಗಿ ಓಡಾಡುವವರು. ಕೊಂಕಣಿ ಮನೆಯವರಿಗೆ ಮೂಗಿನಿಂದ ಬರುವ ಸ್ವರವೂ ಹೊಸದಲ್ಲ. ಈ ಶಕ್ತಿಯನ್ನು ಬರೀ ಬರವಣಿಗೆಗೆ ಕಟ್ಟಿಹಾಕುವುದು ಬೇಸರದ ವಿಷಯ ಅಲ್ವಾ?

ಖರ್ಚು ಡೆಲ್ಫ್‌ಗೇ ಜಾಸ್ತಿ. ಶುಲ್ಕ ಬೇರೆ. ಬೆಂಗಳೂರಿನ ಫ್ರೆಂಚ್ ಭಾಷಾ ಕೇಂದ್ರ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಬರೆಸುವುದಾದರೆ ಪ್ರಯಾಣ, ವಸತಿಯನ್ನೂ ಲೆಕ್ಕ ಹಾಕಿ. ಆದರೆ ಆ ಪ್ರಮಾಣಪತ್ರಕ್ಕೆ ಅವಧಿ ಮುಗಿಯುವುದಿಲ್ಲ.

ಅಂಕಕ್ಕಾಗಿ ಮಾತ್ರ ಫ್ರೆಂಚ್ ಆದರೆ ಶಾಲೆಯದ್ದೇ ಸಾಕು. ಮುಂದೆಯೂ ಓದುವ ಆಸೆ ಇದ್ದರೆ ಎಂಟು ಅಥವಾ ಒಂಬತ್ತರಲ್ಲೇ ಡೆಲ್ಫ್ ಜೂನಿಯರ್‌ನ ಮೊದಲ ಹಂತವಾದ ಎ1 ಬರೆಸಿ. ಹತ್ತರ ವರ್ಷ ಸುಮ್ನೆ ಹೊರೆ ಹೇರಬೇಡಿ.