ಹಳೆ ವಿಂಡ್‌ಸರ್ಫಿಂಗ್ ಬೋರ್ಡ್ ಕೊಳ್ಳುವ ಮುಂಚೆ ವೆಂಟ್ ಸ್ಕ್ರೂ ಬಿಚ್ಚಿಸಿ ನೋಡಿ

ಆಲಮಟ್ಟಿ ಹಿನ್ನೀರಿನಲ್ಲಿ ವಿಂಡ್‌ಸರ್ಫಿಂಗ್ (ಹಾಯಿ ಇರುವ ಹಲಗೆಯ ಮೇಲೆ ನಿಂತು ಗಾಳಿಯ ಬಲದಲ್ಲಿ ನೀರಿನ ಮೇಲೆ ಓಡುವ ಆಟ) ಮಾಡೋಣ ಅಂತ ಗೋವಾ ಕಡೆಯಿಂದ ಹಳೆ ಸಾಮಾನು ತರಿಸುವ ಯೋಚನೆ ಇದೆಯಾ? ಹಾಗಿದ್ದರೆ ದುಡ್ಡು ಕೊಡುವ ಮೊದಲು ಇದನ್ನು ಓದಿ. ನನಗೆ ಮಾರಿದವರು "ಎರಡೇ ಸೀಸನ್ ಓಡಿಸಿದ್ದು, ಒಂದು ಗೀರೂ ಇಲ್ಲ" ಎಂದಿದ್ದರು. ಗೀರು ಇರಲಿಲ್ಲ, ನಿಜ. ಕೆಟ್ಟಿದ್ದೆಲ್ಲ ಕಣ್ಣಿಗೆ ಬೀಳದ ಜಾಗದಲ್ಲಿತ್ತು.

ಜೀವಕ್ಕೆ ಬಂದದ್ದನ್ನು ಮೊದಲು ಹೇಳುತ್ತೇನೆ. ಬೋರ್ಡಿಗೂ ಮಾಸ್ಟಿಗೂ (ಹಾಯಿಯ ಕಂಬ) ನಡುವೆ ಒಂದು ಕೀಲು ಇರುತ್ತದೆ. ಹಾಯಿಯನ್ನು ಬೇಕಾದ ಕಡೆ ವಾಲಿಸಲು ಆಗುವುದು ಇದರಿಂದಲೇ. ಸಾಮಾನ್ಯವಾಗಿ ಅದು ರಬ್ಬರಿನದು, ಇಲ್ಲವೇ ಯುರೆಥೇನ್‌ನದು. ಬಿಸಿಲಿಗೆ, ವಯಸ್ಸಿಗೆ ಅದು ಬಿರುಕು ಬಿಡುತ್ತದೆ. ಜುಲೈ ಗಾಳಿಯಲ್ಲಿ, ದಂಡೆಯಿಂದ ಸಾಕಷ್ಟು ದೂರ ಹೋದ ಮೇಲೆ ನನ್ನದು ಪಟ್ಟನೆ ಹರಿಯಿತು. ರಬ್ಬರ್ ಹೋದರೂ ಬೋರ್ಡ್ ಮತ್ತು ಹಾಯಿ ಬೇರೆಯಾಗದಿರಲಿ ಅಂತಲೇ ಪಕ್ಕದಲ್ಲಿ ಒಂದು ಸೇಫ್ಟಿ ಪಟ್ಟಿ ಇರುತ್ತದೆ. ಅದೂ ಕಿತ್ತು ಬಂತು. ಆಮೇಲೆ ನೋಡಿದರೆ ಆ ಪಟ್ಟಿಯನ್ನು ಸಾದಾ ಹತ್ತಿ ದಾರದಲ್ಲಿ ಮತ್ತೆ ಹೊಲಿದಿದ್ದರು. ರಬ್ಬರಿನ ಬಿರುಕಿಗೆ ಕರಿ ಪಾಲಿಶ್ ತುಂಬಿದ್ದರು. ಇದನ್ನು ಮೋಸ ಅನ್ನದೆ ಏನನ್ನಬೇಕು?

ನೀರಿನಲ್ಲಿ ಎರಡೂ ಬೇರೆಯಾದ ತಕ್ಷಣ ಬೋರ್ಡ್ ಗಾಳಿಗೆ ಓಡತೊಡಗುತ್ತದೆ. ಈಜುವವನಿಗಿಂತ ಅದರ ವೇಗ ಜಾಸ್ತಿ. ಹಾಯಿ ಮಾತ್ರ ನೀರು ಕುಡಿದು ಅಲ್ಲೇ ನಿಧಾನಕ್ಕೆ ತೇಲುತ್ತಿರುತ್ತದೆ. ಹತ್ತಿರದಲ್ಲಿ ಹರಿಗೋಲಿನಲ್ಲಿ ಬಲೆ ಹಾಕುತ್ತಿದ್ದ ಹಿರಿಯರೊಬ್ಬರು ಕೂಗಿದರು: "ಏ ತಮ್ಮಾ, ಹಲಗಿ ಹಿಡಕೊ! ಅರಬಿ (ಬಟ್ಟೆ) ಹೋದ್ರ ಹೋಗ್ಲಿ!" ವಿಂಡ್‌ಸರ್ಫಿಂಗ್ ಅಂದರೇನು ಅಂತ ಅವರಿಗೆ ಗೊತ್ತಿರಲಿಕ್ಕಿಲ್ಲ. ಆದರೆ ಹೇಳಿದ್ದು ನೂರಕ್ಕೆ ನೂರು ಸರಿ. ಮೊದಲು ಬೋರ್ಡ್ ಹಿಡಿಯಬೇಕು, ಅದರ ಮೇಲೆ ಮಲಗಬೇಕು, ಉಳಿದದ್ದು ಆಮೇಲೆ. ಲೈಫ್ ಜಾಕೆಟ್ ಇದ್ದದ್ದರಿಂದ ನಾನು ಗಾಬರಿ ಬೀಳಲಿಲ್ಲ. ಅವರೇ ದಂಡೆಗೆ ಎಳೆದು ತಂದರು, ಹಾಯಿಯನ್ನೂ ಸೇರಿಸಿ.

ಈ ಕೀಲನ್ನು ಪರೀಕ್ಷೆ ಮಾಡುವುದು ಸುಲಭ. ಬುಡವನ್ನು ಕಾಲಲ್ಲಿ ಒತ್ತಿ ಹಿಡಿದು, ರಬ್ಬರನ್ನು ನಾಲ್ಕೂ ಕಡೆಗೆ ಪೂರ್ತಿ ಬಗ್ಗಿಸಿ. ಬಿರುಕಿದ್ದರೆ ಬಾಯಿ ತೆರೆಯುತ್ತದೆ. ಮೊದಲು ಒದ್ದೆ ಬಟ್ಟೆಯಲ್ಲಿ ಗಟ್ಟಿಯಾಗಿ ಒರೆಸಿ, ಪಾಲಿಶ್ ಇದ್ದರೆ ಬಟ್ಟೆಗೆ ಬರುತ್ತದೆ. ಹಳೆ ಸಾಮಾನು ಕೊಂಡರೆ ಕೀಲಿನ ರಬ್ಬರ್ ಮತ್ತು ಪಟ್ಟಿ ಎರಡನ್ನೂ ಹೊಸದು ಹಾಕಿಸಿಬಿಡಿ. ಇಡೀ ಸೆಟ್ಟಿನಲ್ಲಿ ಅಗ್ಗದ ಭಾಗಗಳೇ ಅವು.

ಈಗ ಬೋರ್ಡಿನ ಕಥೆ. ಈಗಿನ ಹೆಚ್ಚಿನ ಬೋರ್ಡುಗಳ ಹೊಟ್ಟೆಯಲ್ಲಿ ಇರುವುದು ಥರ್ಮೋಕೋಲ್. ಅದರ ಮೇಲೆ ಫೈಬರ್ ಬಟ್ಟೆ ಮತ್ತು ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟಿನ ತೆಳು ಚಿಪ್ಪು. ಒಳಗಿನ ಗಾಳಿ ಬಿಸಿಗೆ ಹಿಗ್ಗುತ್ತದೆ, ಎತ್ತರಕ್ಕೆ ಹೋದಾಗಲೂ ಹಿಗ್ಗುತ್ತದೆ. ಅದು ಹೊರಬರಲಿ ಅಂತ ವೆಂಟ್ ಸ್ಕ್ರೂ ಕೊಟ್ಟಿರುತ್ತಾರೆ. ಕೆಲವು ಬೋರ್ಡುಗಳಲ್ಲಿ ಮಾತ್ರ ನೀರು ಬಿಡದೆ ತಾನೇ ಗಾಳಿ ಬಿಡುವ ಗೋರ್‌ಟೆಕ್ಸ್ ಪೊರೆಯ ವೆಂಟ್ ಇರುತ್ತದೆ. ಸಾಗಿಸುವಾಗ ಸ್ಕ್ರೂ ಸಡಿಲ, ನೀರಿಗೆ ಇಳಿಸುವಾಗ ಬಿಗಿ, ಇಷ್ಟೇ ನಿಯಮ. ನನಗೆ ಸಿಕ್ಕಿದ ಬೋರ್ಡಿನಲ್ಲಿ ಸ್ಕ್ರೂ ಜಾಗದಲ್ಲಿ ಚೆಂದದ ಸ್ಟಿಕ್ಕರ್ ಇತ್ತು. "ಇದು ಆಟೋಮ್ಯಾಟಿಕ್, ಮುಟ್ಟಬೇಡಿ" ಎಂದರು ಮಾರಿದವರು.

ಮೇ ತಿಂಗಳ ಬಿಸಿಲು. ಬೋರ್ಡ್ ಗಾಡಿಯ ಮೇಲೆ. ಸಮುದ್ರದ ಮಟ್ಟದಿಂದ ಚೋರ್ಲಾ ಘಾಟ್ ಹತ್ತಿ ಸುಮಾರು 750 ಮೀಟರ್ ಎತ್ತರದ ಬೆಳಗಾವಿಗೆ ಬಂದು, ಅಲ್ಲಿಂದ ಬಾಗಲಕೋಟೆಗೆ. ಮನೆಯಲ್ಲಿ ಇಳಿಸಿದಾಗ ಕಾಲಿಡುವ ಜಾಗದಲ್ಲಿ ಜೋಳದ ರೊಟ್ಟಿ ಉಬ್ಬಿದ ಹಾಗೆ ಉಬ್ಬಿತ್ತು. ಚಿಪ್ಪು ಥರ್ಮೋಕೋಲ್ ಬಿಟ್ಟು ಎದ್ದಿತ್ತು. ಸ್ಟಿಕ್ಕರ್ ಕಿತ್ತರೆ ಕೆಳಗೆ ಮಾಮೂಲಿ ಸ್ಕ್ರೂ, ಅದನ್ನು ಗೋಂದಿನಲ್ಲಿ ಮುಚ್ಚಿದ್ದರು. ಬಿಚ್ಚಿ, ತೂತು ಕೆಳಗೆ ಬರುವಂತೆ ನಿಲ್ಲಿಸಿದೆ. ರಾತ್ರಿಯೆಲ್ಲ ನೀರು ತೊಟ್ಟಿಕ್ಕಿತು. ಒಳಗೆ ನೀರು ತುಂಬಿದ್ದು ಯಾರಿಗೂ ಗೊತ್ತಾಗಬಾರದು ಅಂತಲೇ ಆ ಸ್ಟಿಕ್ಕರ್!

ಫೋನ್ ಮಾಡಿದರೆ "ನಿಮ್ಮ ಕಡೆ ಬಿಸಿಲು ಜಾಸ್ತಿ ಅಲ್ವಾ, ನಾವೇನು ಮಾಡೋದು" ಎಂದರು. ಆಮೇಲೆ ನಂಬರ್ ಬ್ಲಾಕ್.

ಇದಕ್ಕಿಂತ ದೊಡ್ಡ ಪೆಟ್ಟು ರಿಪೇರಿಯಲ್ಲಿ ಬಿತ್ತು. ನೀರಿನ ಟ್ಯಾಂಕ್, ಬಸ್ಸಿನ ಬಂಪರ್ ರಿಪೇರಿ ಮಾಡುವ ಒಂದು ಫೈಬರ್ ವರ್ಕ್‌ಶಾಪಿನವರು "ಎಪಾಕ್ಸಿನೇ ಹಾಕತೀವಿ ಸರ್, ಚಿಂತಿ ಮಾಡಬ್ಯಾಡ್ರಿ" ಎಂದರು. ಹಾಕಿದ್ದು ಪಾಲಿಯೆಸ್ಟರ್ ರೆಸಿನ್ ಎಂಬ ಬೇರೆ ಅಂಟು. ಇಂಥ ಕಡೆ ದಿನಾ ಬಳಸುವುದು ಅದನ್ನೇ, ಅಗ್ಗವೂ ಹೌದು. ಅದರಲ್ಲಿರುವ ಸ್ಟೈರೀನ್ ಎಂಬ ರಾಸಾಯನಿಕ ಥರ್ಮೋಕೋಲನ್ನು ಕರಗಿಸಿಬಿಡುತ್ತದೆ. ಮೇಲೆ ಪ್ಯಾಚ್ ಥಳಥಳ, ಒಳಗೆ ಗುಹೆ. ಬೆರಳಲ್ಲಿ ತಟ್ಟಿದರೆ ಡಬಡಬ ಅನ್ನುತ್ತಿತ್ತು. ಕೊನೆಗೆ ಅದನ್ನೆಲ್ಲ ಕೊರೆದು ತೆಗೆಸಿ, ನೆರಳಲ್ಲಿ ಒಣಗಿಸಿ, ಎಪಾಕ್ಸಿ ಬಲ್ಲವರಿಂದ ಮತ್ತೆ ಮಾಡಿಸುವ ಹೊತ್ತಿಗೆ ಬೋರ್ಡಿನ ಬೆಲೆಗಿಂತ ಜಾಸ್ತಿ ಖರ್ಚಾಗಿತ್ತು. ಯಾರ ಕೈಗಾದರೂ ಕೊಡುವ ಮೊದಲು ಒಂದು ತುಂಡು ಥರ್ಮೋಕೋಲ್ ಮೇಲೆ ಅವರ ರೆಸಿನ್ ಎರಡು ಹನಿ ಹಾಕಿಸಿ. ತಿಂದರೆ ಬೋರ್ಡ್ ಎತ್ತಿಕೊಂಡು ಬನ್ನಿ.

ಕೊಳ್ಳುವಾಗ ಫಿನ್ (ಬೋರ್ಡಿನ ಅಡಿಯ ರೆಕ್ಕೆ), ಕಾಲಿನ ಪಟ್ಟಿ ಎಲ್ಲ ಬಿಚ್ಚಿಸಿ ತೂಕ ಹಾಕಿಸಿ. ಗೊಬ್ಬರದ ಅಂಗಡಿಯ ತೂಕದ ಯಂತ್ರವೂ ಸಾಕು. ತಯಾರಕರು ಹೇಳಿದ್ದಕ್ಕಿಂತ ಒಂದು ಕಿಲೋಗೂ ಜಾಸ್ತಿ ಬಂದರೆ ಒಳಗೆ ನೀರಿದೆ ಅಂತ ಅನುಮಾನಪಡಿ. ಡೆಕ್ಕನ್ನು (ಬೋರ್ಡಿನ ಮೇಲ್ಭಾಗ) ಹೆಬ್ಬೆರಳಲ್ಲಿ ಒತ್ತುತ್ತಾ ಹೋಗಿ, ಎಲ್ಲೂ ಮೆತ್ತಗೆ ಆಗಬಾರದು. ಹಾಯಿಯ ಪಾರದರ್ಶಕ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ. ಬಿಸಿಲು ತಿಂದದ್ದು ಮಂಜಾಗಿರುತ್ತದೆ, ಬಗ್ಗಿಸಿದರೆ ಸೀಳುತ್ತದೆ.

ಬಯಲುಸೀಮೆಯವರಿಗೆ ಇನ್ನೊಂದು ಮಾತು. ಬಿಸಿಲಲ್ಲಿ ಕಾದ ಬೋರ್ಡನ್ನು ಸ್ಕ್ರೂ ಬಿಗಿಮಾಡಿ ಸೀದಾ ನೀರಿಗೆ ಹಾಕಬೇಡಿ. ಒಳಗಿನ ಗಾಳಿ ಒಮ್ಮೆಲೇ ಕುಗ್ಗುತ್ತದೆ, ಎಲ್ಲಿ ಸಣ್ಣ ಬಿರುಕಿದೆಯೋ ಅಲ್ಲಿಂದ ನೀರು ಒಳಗೆ ಎಳೆದುಕೊಳ್ಳುತ್ತದೆ. ನೆರಳಲ್ಲಿ ತಣ್ಣಗಾಗಲಿ, ಆಮೇಲೆ ಬಿಗಿಮಾಡಿ.

ಆ ಮಾರಾಟಗಾರರ ಹೊಸ ಜಾಹೀರಾತು ಈಗಲೂ ಓಡುತ್ತಿದೆ. ಬೋರ್ಡಿನ ಫೋಟೊ ಬೇಕಾದಷ್ಟಿವೆ, ವೆಂಟ್ ಸ್ಕ್ರೂ ಮಾತ್ರ ಯಾವುದರಲ್ಲೂ ಇಲ್ಲ. ಯಾರೇ ಮಾರಲಿ, ಆ ಜಾಗದ ಹತ್ತಿರದ ಫೋಟೊ ಕೇಳಿ. ಸಬೂಬು ಹೇಳಿದರೆ ಮುಂದಿನ ಮಾತೇ ಬೇಡ.