ಅಂಗಡಿ, ಅಪಾರ್ಟ್‌ಮೆಂಟ್, ವಾಟ್ಸ್ಆ್ಯಪ್: ನನ್ನ ಚಟ್ನಿಪುಡಿ ಎಲ್ಲಿ ಗಿಟ್ಟಿತು?

ಬಸವನಗುಡಿಯ ನಮ್ಮ ಮನೆಯಲ್ಲೇ ಕೊಬ್ಬರಿ ಚಟ್ನಿಪುಡಿ ಮಾಡಿ ಮಾರುತ್ತೇನೆ. 200 ಗ್ರಾಂ ಪ್ಯಾಕೆಟ್‌ಗೆ ಗ್ಯಾಸು, ಕವರು, ಲೇಬಲ್ ಎಲ್ಲಾ ಸೇರಿ 65 ರೂಪಾಯಿ ಬೀಳುತ್ತದೆ. ಎಂಆರ್‌ಪಿ 120. ಪ್ಯಾಕೆಟ್‌ಗೆ 55 ಉಳಿಯುತ್ತದೆ ಅಂತ ಲೆಕ್ಕ ಹಾಕಿ ಖುಷಿಪಟ್ಟಿದ್ದೆ.

ಮೊದಲು ಗಾಂಧಿ ಬಜಾರ್ ಕಡೆಯ ಮೂರು ಅಂಗಡಿಗೆ ತಲಾ 20 ಪ್ಯಾಕೆಟ್ ಕೊಟ್ಟೆ. ಪ್ಯಾಕೆಟ್‌ಗೆ ಅವರ ಮಾರ್ಜಿನ್ 30 ರೂಪಾಯಿ, ನನಗೆ ಉಳಿಯೋದು 25. "ಹೋದ್ರೆ ದುಡ್ಡು, ಇಲ್ಲಾಂದ್ರೆ ವಾಪಸ್, ಆಯ್ತಾ ಅಕ್ಕ?" ಅಂದರು. ನಿಂತು ಮಾರೋ ಕೆಲಸ ಇಲ್ಲವಲ್ಲ, ಒಪ್ಪಿಕೊಂಡೆ. ಹದಿನೈದು ದಿನ ಬಿಟ್ಟು ಹೋಗಿ ನೋಡಿದರೆ, ಒಂದು ಅಂಗಡಿಯಲ್ಲಿ ನನ್ನ ಪ್ಯಾಕೆಟ್‌ಗಳು ನೇತುಹಾಕಿದ ಚಿಪ್ಸ್ ಸರದ ಹಿಂದೆ, ಫಿನಾಯಿಲ್ ಬಾಟಲಿ ಪಕ್ಕ ಕೂತಿದ್ದವು! ತಿಂಗಳಿಗೆ 60ರಲ್ಲಿ ಹೋಗಿದ್ದು 41. ವಾಪಸ್ ಬಂದ 19ಕ್ಕೆ ಕಮಟು ವಾಸನೆ, ಎಸೆದೆ. ಬಂದ ಲಾಭ 1,025, ಎಸೆದ ಮಾಲು 1,235. ಕೈಯಿಂದಲೇ 210 ಹೋಯಿತು.

ಆಮೇಲೆ ಸರ್ಜಾಪುರ ರಸ್ತೆಯ ಒಂದು ಅಪಾರ್ಟ್‌ಮೆಂಟಿನ ಭಾನುವಾರದ ಸಂತೆ. ಟೇಬಲ್‌ಗೆ 1,500, ಹೋಗಿಬರೋ ಆಟೋಗೆ 700. ಲೇಬಲ್ ಮೇಲೆ ಎಫ್ಎಸ್ಎಸ್ಎಐ, ಅಂದರೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ನಂಬರ್ ಇದೆಯಾ ಅಂತ ಕಮಿಟಿಯವರು ಮೊದಲೇ ನೋಡಿದರು. ಬಿಸಿ ಅನ್ನಕ್ಕೆ ತುಪ್ಪ, ಪುಡಿ ಕಲಸಿ ಚಮಚದಲ್ಲಿ ರುಚಿಗೆ ಕೊಟ್ಟೆ. ಒಬ್ಬರು ತಿಂದು, "ಬೆಳ್ಳುಳ್ಳಿ ಇದ್ಯಾ? ನಮ್ಮತ್ತೆ ತಿನ್ನಲ್ಲ" ಅಂದರು. ಬೆಳ್ಳುಳ್ಳಿ ಇಲ್ಲದ ಪುಡಿ ಶುರುವಾಗಿದ್ದು ಹಾಗೆ. ಅಂಗಡಿಯಿಂದ ಇಂಥ ಮಾತು ನನ್ನ ಕಿವಿಗೆ ಬಿದ್ದೇ ಇರಲಿಲ್ಲ.

ಅವತ್ತು 52 ಪ್ಯಾಕೆಟ್ ಹೋದರೂ ಖರ್ಚು ಕಳೆದು ಉಳಿದದ್ದು 660. ಅಲ್ಲಿನವರು 140 ಆದರೂ ಕೊಡುತ್ತಿದ್ದರು, ಆದರೆ ಅಚ್ಚಾದ ಎಂಆರ್‌ಪಿಗಿಂತ ಒಂದು ರೂಪಾಯಿ ಜಾಸ್ತಿ ತಗೊಳ್ಳೋ ಹಾಗಿಲ್ಲ. ಸರಿ, ಮುಂದಿನ ಸಲ 150 ಗ್ರಾಮಿನ ಗಾಜಿನ ಬಾಟಲಿ ಮಾಡಿಸಿ 150 ರೂಪಾಯಿ ಎಂಆರ್‌ಪಿ ಹಾಕಿದೆ. ಪುಡಿ ಕಮ್ಮಿ, ಬಾಟಲಿ ಖರ್ಚು ಜಾಸ್ತಿ, ಅಸಲು ಮತ್ತೆ 65ಕ್ಕೇ ನಿಂತಿತು. ಹೋಗಿದ್ದು 38 ಬಾಟಲಿ ಅಷ್ಟೇ, ಉಳಿದದ್ದು 1,030. ನಮ್ಮ ಬೀದಿಯಲ್ಲಿ ಅದೇ ಬಾಟಲಿ ತೋರಿಸಿದರೆ, "ಗಾಜಿಗೆ ಯಾಕಮ್ಮ ದುಡ್ಡು?" ಅಂದರು!

ವಾಟ್ಸ್ಆ್ಯಪ್ ಬಗ್ಗೆ ಹೇಳೋದು ಜಾಸ್ತಿ ಇಲ್ಲ. ಬುಧವಾರ ಆರ್ಡರ್, ಶುಕ್ರವಾರ ಪುಡಿ, ಶನಿವಾರ ನಡೆದುಕೊಂಡೇ ಹೋಗಿ ಕೊಡೋದು. ವಾರಕ್ಕೆ ಸುಮಾರು 25 ಪ್ಯಾಕೆಟ್, 55 ಪೂರ್ತಿ ಕೈಗೆ. ನೆಂಟರು ಮಾತ್ರ ಸುಮ್ನೆ ಚೌಕಾಸಿ ಮಾಡುತ್ತಾರೆ. ಆದರೆ ಅದೇ ಹದಿನೆಂಟು ಮನೆ, ಬೆಳೆಯಲ್ಲ. ಯಲಹಂಕದಿಂದ ಒಂದು ಆರ್ಡರ್ ಬಂತು. 120ರ ಪ್ಯಾಕೆಟ್ ತಲುಪಿಸೋಕೆ ಬೈಕಿನವರು 190 ಕೇಳಿದರು. ಈಗ ದೂರದವರಿಗೆ ಐದು ಪ್ಯಾಕೆಟ್‌ಗಿಂತ ಕಮ್ಮಿ ಕಳಿಸೋದೇ ಇಲ್ಲ.

ಸದ್ಯಕ್ಕೆ ಬೀದಿಗೆ ಪ್ಯಾಕೆಟ್, ಅಪಾರ್ಟ್‌ಮೆಂಟಿಗೆ ಬಾಟಲಿ. ಅಂಗಡಿ ಒಂದನ್ನೇ ಉಳಿಸಿಕೊಂಡಿದ್ದೇನೆ. ವಾರಕ್ಕೆ ಆರು ಪ್ಯಾಕೆಟ್, ದುಡ್ಡು ಅವತ್ತೇ, ಜಾಗ ಗಲ್ಲಾಪೆಟ್ಟಿಗೆ ಮುಂದೆ. ಇದಕ್ಕೆ ಆ ಅಣ್ಣನನ್ನು ಒಪ್ಪಿಸೋಕೆ ಎರಡು ತಿಂಗಳು ಹಿಡಿಯಿತು.